ಒಂದು ‘ಹತ್ತು’, ಹಲವು ಅರ್ಥ



ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಕನ್ನಡ ಕಲಿಸುವಾಗ ತೊಡಕಾಗುವವು ದೊಡ್ಡ ಪದಗಳಲ್ಲ, ಸಣ್ಣ ಪದಗಳು. ‘ಹತ್ತು’ ಎಂಬುದನ್ನೇ ತೆಗೆದುಕೊಳ್ಳೋಣ. ಅದು ಸಂಖ್ಯೆ, ಲೋಕಲ್ ಗಾಡಿ ಹತ್ತುವುದೂ ಅದೇ. ಬೆಂಕಿ ಹತ್ತುತ್ತದೆ, ನಿದ್ದೆ ಹತ್ತುತ್ತದೆ, ಚಟ ಹತ್ತುತ್ತದೆ; ಪಾಠ ಮಾತ್ರ ಕೆಲವೊಮ್ಮೆ ತಲೆಗೆ ಹತ್ತುವುದಿಲ್ಲ!

ಸಂಖ್ಯೆ ಮತ್ತು ಕ್ರಿಯೆ ಮೂಲದಲ್ಲಿ ಬೇರೆ ಬೇರೆ ಪದಗಳು. ತಮಿಳಿನಲ್ಲಿ ಇಂದಿಗೂ ಸಂಖ್ಯೆ ‘ಪತ್ತು’, ಹಿಡಿ, ಅಂಟು ಎಂಬರ್ಥದ ಕ್ರಿಯೆ ‘ಪಱ್ಱು’. ಹಳಗನ್ನಡದಲ್ಲಿ ಎರಡೂ ‘ಪತ್ತು’ ಆದವು. ಪಕಾರ ಹಕಾರವಾದಾಗ ಎರಡೂ ‘ಹತ್ತು’ ಆದವು. ಅಂಟಿಕೊಳ್ಳುವುದೆಂಬ ಅರ್ಥವನ್ನು ಮೊದಲು ತಿಳಿಸಿದರೆ ಬೆಂಕಿ, ನಿದ್ದೆ, ಚಟ ಎಲ್ಲವೂ ಒಂದೇ ದಾರದಲ್ಲಿ ಪೋಣಿಸಿಕೊಳ್ಳುತ್ತವೆ.

ನಮ್ಮ ಮಕ್ಕಳ ಬಳಿ ಇದಕ್ಕೊಂದು ಕೀಲಿಕೈ ಆಗಲೇ ಇದೆ. ಅದು ಮರಾಠಿಯ ‘ಲಾಗಣೇ’. ‘ಆಗ ಲಾಗಲಿ’ ಎಂದರೆ ಬೆಂಕಿ ಹತ್ತಿತು. ‘ಝೋಪ ಲಾಗಲಿ’ ಎಂದರೆ ನಿದ್ದೆ ಹತ್ತಿತು. ‘ರಡೂ ಲಾಗಲಾ’ ಎಂದರೆ ಧಾರವಾಡದವರ ‘ಅಳಲಿಕ್ಕೆ ಹತ್ತಿದ’. ಒಂದು ಸಂಸ್ಕೃತಮೂಲದ್ದು, ಇನ್ನೊಂದು ದ್ರಾವಿಡ. ಬೇರು ಬೇರೆಯಾದರೂ ನಡೆ ಒಂದೇ. ಆದರೆ ಈ ಕೀಲಿಕೈ ಎಲ್ಲ ಬೀಗಕ್ಕೂ ಹೊಂದದು. ‘ಜಾವೇ ಲಾಗತೇ’ ಎಂಬುದು ಕನ್ನಡದಲ್ಲಿ ‘ಹೋಗಬೇಕಾಗುತ್ತದೆ’. ‘ಗೋಡ ಲಾಗತೇ’ ಎಂಬುದು ‘ಸಿಹಿ ಎನಿಸುತ್ತದೆ’. ಮೆಟ್ಟಿಲು ಹತ್ತುವುದಕ್ಕೆ ಮರಾಠಿಯಲ್ಲಿ ‘ಚಢಣೇ’ ಎಂಬ ಬೇರೆಯೇ ಪದ. ಎಲ್ಲಿ ಕೂಡುತ್ತದೆ, ಎಲ್ಲಿ ಅಗಲುತ್ತದೆ ಎಂದು ತೋರಿಸುವುದೇ ಕಲಿಸುವವರ ಕೆಲಸ.

ಇಲ್ಲಿ ಇನ್ನೊಂದು ಸೂಕ್ಷ್ಮ ಪ್ರಶ್ನೆಯಿದೆ. ನಮ್ಮ ಸಂಘಗಳಲ್ಲಿ ಕರಾವಳಿಯವರೂ ಇದ್ದಾರೆ, ವಿಜಯಪುರ, ಧಾರವಾಡಗಳ ಕಡೆಯವರೂ ಇದ್ದಾರೆ. ‘ಅಳಲಿಕ್ಕೆ ಹತ್ತಿದ’ ಎಂದ ಮಗುವಿಗೆ ‘ಇದು ಮರಾಠಿ ಬೆರಕೆ, ಕನ್ನಡವಲ್ಲ’ ಎಂದು ನಗುವವರುಂಟು. ಆ ನಗೆ ಅನ್ಯಾಯದ್ದು. 1956ರವರೆಗೆ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ರಾಜ್ಯದಲ್ಲಿದ್ದವು. ದಕ್ಷಿಣ ಕನ್ನಡ ಮದ್ರಾಸಿನಲ್ಲಿತ್ತು. ‘ಮಾಡಹತ್ತಿದನು’ ಎಂಬ ರೂಪವನ್ನು ಉತ್ತರದ ಲೇಖಕರು ಗ್ರಂಥಸ್ಥ ಗದ್ಯದಲ್ಲಿಯೂ ಬಳಸಿದ್ದಾರೆ. ಕರಾವಳಿಯ ‘ತೊಡಗಿದನು’ ಎಷ್ಟು ಕನ್ನಡವೋ ಇದೂ ಅಷ್ಟೇ ಕನ್ನಡ.

ಏಕೀಕರಣ ನಕಾಶೆಯನ್ನು ಕೂಡಿಸಿತು. ಮಾತುಗಳನ್ನು ಕೂಡಿಸುವ ಕೆಲಸ ನಮಗೆ ಉಳಿದಿದೆ. ಶಾಲೆಯಲ್ಲಿ ಇಂಗ್ಲಿಷು, ಅಂಗಳದಲ್ಲಿ ಮರಾಠಿ, ಹಿಂದಿ ಆಡುವ ಮಗು ವಾರಕ್ಕೊಂದು ಗಂಟೆ ಕನ್ನಡಕ್ಕೆಂದು ಬರುತ್ತದೆ. ಅಲ್ಲಿಯೂ ನಗೆಪಾಟಲಾದರೆ ಅದು ಕನ್ನಡವನ್ನು ತಿದ್ದಿಕೊಳ್ಳುವುದಿಲ್ಲ, ಬಿಟ್ಟೇಬಿಡುತ್ತದೆ. ಎರಡು ರೂಪಗಳನ್ನೂ ಹಲಗೆಯ ಮೇಲೆ ಅಕ್ಕಪಕ್ಕ ಬರೆಯೋಣ. ಮಗುವಿಗೆ ಕನ್ನಡದ ರುಚಿ ಹತ್ತಲಿ. ಉಳಿದದ್ದು ತಾನಾಗಿ ಬರುತ್ತದೆ.