ಇಂಡಾಫ್ ಎಂಬ ಹೆಸರಿನಲ್ಲಿರುವ ಎರಡು ನಾಡು

ಇಂದು ಪದವಿ ಪಡೆಯುತ್ತಿರುವ ಕೃಷಿ ವಿದ್ಯಾರ್ಥಿಗಳೇ, ಹೊಲದ ಕೆಲಸ ಬಿಟ್ಟು ಮಕ್ಕಳನ್ನು ನೋಡಲು ಬಂದಿರುವ ತಂದೆತಾಯಿಯರೇ,

ನಾನು ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯವನು. ಅಪ್ಪ ಬಿತ್ತುತ್ತಿದ್ದುದು ಇಂಡಾಫ್ ರಾಗಿ. ಕಣದಲ್ಲಿ ಗುಂಡು ಹೊಡೆದು ರಾಶಿ ಪೂಜೆ ಮಾಡುವಾಗ ಆ ಹೆಸರಿನ ಅರ್ಥವನ್ನು ನಾವು ಯಾರೂ ಕೇಳಿರಲಿಲ್ಲ. ನಿಮ್ಮಂತೆ ಕಾಲೇಜಿಗೆ ಬಂದಮೇಲೆ ತಿಳಿಯಿತು: ಅದರಲ್ಲಿ ಅರ್ಧ ಇಂಡಿಯಾ, ಅರ್ಧ ಆಫ್ರಿಕಾ.

ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ರಾಗಿ ತಳಿ ವಿಜ್ಞಾನಿ ಸಿ.ಎಚ್. ಲಕ್ಷ್ಮಣಯ್ಯನವರು ಈ ಸಂಕರ ಮಾಡಿದರು. ರಾಗಿಯ ಹೂವು ಬರಿಗಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದು; ತನ್ನ ಪರಾಗದಿಂದಲೇ ತಾನು ಕಾಳು ಕಟ್ಟುವ ಬೆಳೆ. ಎರಡು ತಳಿ ಕೂಡಿಸುವುದು ಎಷ್ಟು ತಾಳ್ಮೆಯ ಕೆಲಸವೆಂದು ಪ್ರಯೋಗ ಮಾಡಿರುವ ನಿಮಗೆ ಗೊತ್ತು. ನಮ್ಮ ತಳಿಗಳ ಜೊತೆಗೆ ದಪ್ಪ ತೆನೆಯ ಆಫ್ರಿಕನ್ ತಳಿಗಳು ಸೇರಿ 1970ರ ದಶಕದಲ್ಲಿ ಇಂಡಾಫ್ ಸಾಲು ರೈತರ ಕೈಗೆ ಬಂತು. ಇವತ್ತು ಬೆಂಕಿ ರೋಗ ತಡೆಯುತ್ತದೆಂದು ನೀವು ಶಿಫಾರಸು ಮಾಡುವ ಜಿಪಿಯು-28ರ ವಂಶದಲ್ಲೂ ಇಂಡಾಫ್-5 ಮತ್ತು ಇಂಡಾಫ್-9 ಇವೆ. ರಾಗಿಯ ತವರೇ ಪೂರ್ವ ಆಫ್ರಿಕಾ. ಇಥಿಯೋಪಿಯದವರು ಅದನ್ನು ಡಗುಸ್ಸ ಎನ್ನುತ್ತಾರೆ. ಸಾವಿರಾರು ವರ್ಷಗಳ ಹಿಂದೆ ಒಮ್ಮೆ ರಾಗಿ ಕೊಟ್ಟ ಆಫ್ರಿಕಾದವರು ನಮ್ಮ ಕಾಲದಲ್ಲಿ ಮತ್ತೊಮ್ಮೆ ಕೊಟ್ಟರು.

ನಮ್ಮೂರ ಲಕ್ಷ್ಮೀನರಸಿಂಹ ದೇವಾಲಯ 1246ರದು. ಅದರ ಹೊರಗೋಡೆಯ ಮೂರ್ತಿಗಳ ಕೆಳಗೆ ಬೈಚೋಜ, ಮಲ್ಲಿತಮ್ಮ ಎಂಬ ರೂವಾರಿಗಳ ಹೆಸರು ಕೊರೆದಿದೆ. ಇಂಡಾಫ್ ಎಂಬ ಹೆಸರು ನನಗೆ ಅಷ್ಟೇ ಪ್ರಾಮಾಣಿಕವಾಗಿ ಕಾಣುತ್ತದೆ. ಕೊಟ್ಟವರ ಗುರುತು ಬೀಜದ ಚೀಲದ ಮೇಲೇ ಇದೆ. ಆ ಹೆಸರಿನ ಅರ್ಥ ಹೇಳಿದಾಗ ಅಪ್ಪ ಕೇಳಿದ್ದು ಒಂದೇ ಮಾತು: "ಆ ಕಡೆಯೋರಿಗೆ ನಾವೇನು ಕೊಟ್ವಪ್ಪಾ?"

ನಾವು ಕೊಡಲು ಹೋದದ್ದೂ ಉಂಟು, ಬೇರೆ ರೀತಿಯಲ್ಲಿ. 2010ರಲ್ಲಿ ಬೆಂಗಳೂರಿನ ಗುಲಾಬಿ ಕಂಪನಿ ಕರುತುರಿ ಗ್ಲೋಬಲ್, ಇಥಿಯೋಪಿಯದ ಗಂಬೆಲ್ಲಾದಲ್ಲಿ ಲಕ್ಷ ಹೆಕ್ಟೇರ್ ನೆಲವನ್ನು 50 ವರ್ಷಕ್ಕೆ ಗುತ್ತಿಗೆ ಹಿಡಿಯಿತು. ಹೆಕ್ಟೇರಿಗೆ ವರ್ಷಕ್ಕೆ 20 ಬಿರ್, ಆಗಿನ ಲೆಕ್ಕದಲ್ಲಿ ನೂರು ರೂಪಾಯಿಯೂ ಇಲ್ಲ. ಲಕ್ಷ ಹೆಕ್ಟೇರ್ ಎಂದರೆ ಸುಮಾರು ಎರಡೂವರೆ ಲಕ್ಷ ಎಕರೆ! ಮರುವರ್ಷವೇ ಅಲ್ಲಿನ ಬಾರೋ ನದಿ ಉಕ್ಕಿ ಕಂಪನಿಯ ಮೆಕ್ಕೆಜೋಳ ಮುಳುಗಿತು. ಅಲ್ಲೇ ಬದುಕುವ ಅನುವಾಕ್ ಜನರು ತಮ್ಮ ನೆಲ ಹೋಯಿತೆಂದು ನೊಂದರು. ನೆಲದ ಬಹುಪಾಲು ಸಾಗುವಳಿಯಾಗಲೇ ಇಲ್ಲ. 2015ರ ಕೊನೆಗೆ ಅಲ್ಲಿನ ಸರ್ಕಾರ ಗುತ್ತಿಗೆ ರದ್ದುಮಾಡಿತು.

ಹಣ ಹೂಡುವುದು ತಪ್ಪು ಎಂದು ನಾನು ಹೇಳುತ್ತಿಲ್ಲ. ಆಫ್ರಿಕಾಕ್ಕೆ ನಮ್ಮ ಬಂಡವಾಳ ಬೇಕು, ನಮಗೆ ಅವರ ಮಾರುಕಟ್ಟೆ ಬೇಕು. ನಿಮ್ಮಲ್ಲೇ ಕೆಲವರು ನಾಳೆ ಅಂಥ ಕಂಪನಿಯ ಬೇಸಾಯ ತಜ್ಞರಾಗಿ ಅಲ್ಲಿಗೆ ಹೋಗುತ್ತೀರಿ. ಹೋಗಿ. ಆದರೆ ನಕ್ಷೆಯಲ್ಲಿ ಖಾಲಿ ಎಂದು ತೋರಿಸಿದ ನೆಲವನ್ನು ನಂಬಬೇಡಿ. ನಮ್ಮ ಸೀಮೆಯ ಅಮೃತಮಹಲ್ ಕಾವಲುಗಳೆಂಬ ಹುಲ್ಲುಗಾವಲುಗಳನ್ನು ನೆನೆಯಿರಿ. ದಾಖಲೆಯಲ್ಲಿ ಅವು ಸರ್ಕಾರದ ಜಮೀನು. ಅಲ್ಲಿ ದನ ಮೇಯಿಸಿ, ಸೌದೆ ತಂದು ಬದುಕಿದ ಊರುಗಳ ಹೆಸರು ಪಹಣಿಯಲ್ಲಿ ಸಿಗುವುದಿಲ್ಲ. ಗಂಬೆಲ್ಲಾದ ಹುಲ್ಲುಗಾವಲೂ ಅಂಥದ್ದೇ. ಮಣ್ಣಿನ ಮಾದರಿ ತೆಗೆಯುವ ಮೊದಲು ನದಿ ದಂಡೆಯ ಹಿರಿಯರ ಬಳಿ ಕುಳಿತು, ದೊಡ್ಡ ಮಳೆಗೆ ನೀರು ಎಲ್ಲಿಯವರೆಗೆ ಏರಿತ್ತು, ಈ ಹುಲ್ಲು ಯಾರ ದನಕ್ಕೆ ಎಂದು ಕೇಳಿ. ಅವರು ಡಗುಸ್ಸದ ಊಟ ಬಡಿಸಿದರೆ, ನಮ್ಮ ಮನೆಯಲ್ಲೂ ಇದನ್ನೇ ಉಣ್ಣುತ್ತೇವೆ ಎಂದು ಹೇಳಿ.