ಕೊಟಿನಿನ್: ಹೊಗೆ ಆರಿದ ಮೇಲೆ ಉಳಿಯುವ ಸಾಕ್ಷ್ಯ



ಹೊಗೆಸೊಪ್ಪಿನ ವಿಷಯವಾಗಿ ಉಪದೇಶ ಮಾಡುವವರು ನಮ್ಮಲ್ಲಿ ಬಹುಮಂದಿ ಇದ್ದಾರೆ. ಆ ಕಾರ್ಯವನ್ನು ಅವರಿಗೇ ಬಿಟ್ಟು, ಹೊಗೆ ಆರಿ, ಬೂದಿ ಉದುರಿ, ಸೇದಿದವನೂ ಅದನ್ನು ಮರೆತ ಬಳಿಕ ಅವನ ರಕ್ತದಲ್ಲಿ ಮೌನವಾಗಿ ಸಂಚರಿಸುತ್ತಿರುವ ಒಂದು ಅಣುವಿನ ವೃತ್ತಾಂತವನ್ನು ಈ ಸಂಜೆ ತಮ್ಮಲ್ಲಿ ನಿವೇದಿಸಬೇಕೆಂದಿದ್ದೇನೆ. ಅದರ ಹೆಸರು ಕೊಟಿನಿನ್. ನಿಕೊಟಿನ್ ಎಂಬ ಪದದ ಆದಿಯಲ್ಲಿರುವ ‘ನಿ’ಯನ್ನು ತೆಗೆದು ಅಂತ್ಯದ ನಕಾರಕ್ಕೆ ಮೊದಲು ಇಟ್ಟರೆ ಈ ಹೆಸರು ಸಿದ್ಧವಾಗುತ್ತದೆ. ರೋಮನ್ ಲಿಪಿಯಲ್ಲಿ ನಡೆದ ಈ ವರ್ಣಪಲ್ಲಟವು ನಮ್ಮ ಲಿಪಿಯಲ್ಲಿಯೂ ಕೆಡದೆ ನಿಲ್ಲುವುದನ್ನು ಕಂಡು ನನಗೆ ಸಂತೋಷವಾಯಿತು; ವಸ್ತುವಿನಲ್ಲಿ ಆಗಿರುವ ಮಾರ್ಪಾಟೂ ಹೆಸರಿನ ಮಾರ್ಪಾಟಿನಷ್ಟೇ ಅಲ್ಪವಾದುದು.

ನಿಕೊಟಿನನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದವರು ಹೈಡಲ್‌ಬರ್ಗಿನ ಪೊಸೆಲ್ಟ್ ಮತ್ತು ರೈಮನ್; ವರ್ಷ 1828. ಆ ಶತಮಾನದ ಕೊನೆಯಲ್ಲಿ ಪಿನ್ನರ್ ಎಂಬ ಜರ್ಮನ್ ವಿಜ್ಞಾನಿ ಅದರ ರಚನೆಯನ್ನು ಶೋಧಿಸುತ್ತ, ಬ್ರೋಮೀನಿನ ಪ್ರಯೋಗದ ದಾರಿಯಲ್ಲಿ ಕೊಟಿನಿನನ್ನು ಪಡೆದನು. ಅದು ದೇಹದೊಳಗೂ ಹುಟ್ಟುತ್ತದೆಂಬುದು ತಿಳಿಯಲು ಅರ್ಧ ಶತಮಾನವೇ ಬೇಕಾಯಿತು: 1950ರ ದಶಕದಲ್ಲಿ, ಹೊಗೆಸೊಪ್ಪಿಗೆ ಹೆಸರಾದ ವರ್ಜೀನಿಯಾ ಸೀಮೆಯ ವೈದ್ಯಕೀಯ ಕಾಲೇಜಿನಲ್ಲಿಯೇ ಮೆಕೆನಿಸ್ ಮತ್ತು ಅವನ ಸಹೋದ್ಯೋಗಿಗಳು ಇದನ್ನು ಸ್ಥಾಪಿಸಿದರು.

ನಿಕೊಟಿನ್ ಅಣುವಿನಲ್ಲಿ ಎರಡು ಉಂಗುರಗಳಿವೆ. ಆರು ಪರಮಾಣುಗಳದೊಂದು, ಐದರದೊಂದು, ಒಂದೊಂದರಲ್ಲಿಯೂ ಒಂದು ಸಾರಜನಕ. ಯಕೃತ್ತಿನ ಕಿಣ್ವಗಳು ಮಾಡುವ ಕೆಲಸವಿಷ್ಟೆ: ಕಿರಿಯ ಉಂಗುರದಲ್ಲಿ ಸಾರಜನಕದ ನೆರೆಯಲ್ಲಿರುವ ಇಂಗಾಲದಿಂದ ಎರಡು ಜಲಜನಕಗಳನ್ನು ಕಳಚಿ, ಆ ಎಡೆಯಲ್ಲಿ ಒಂದು ಆಮ್ಲಜನಕವನ್ನು ಕೂಡಿಸುವುದು. ಅಣುಭಾರ 162ರಿಂದ 176ಕ್ಕೆ ಏರುತ್ತದೆ. ಆದರೆ ಈ ಕಿಂಚಿತ್ ವ್ಯತ್ಯಾಸದಿಂದ ಗುಣವೇ ಬೇರೆಯಾಗುತ್ತದೆ. ಹೊಸದಾಗಿ ಬಂದ ಆಮ್ಲಜನಕವು ನೆರೆಯ ಸಾರಜನಕದ ಎಲೆಕ್ಟ್ರಾನುಗಳನ್ನು ತನ್ನತ್ತ ಸೆಳೆಯುವುದರಿಂದ ಆ ಸಾರಜನಕವು ಪ್ರತ್ಯಾಮ್ಲದ ಸ್ವಭಾವವನ್ನು ನೀಗಿಕೊಳ್ಳುತ್ತದೆ. ರಕ್ತದಲ್ಲಿ ಬಹುಭಾಗ ವಿದ್ಯುದಾವೇಶ ಹೊತ್ತು ತಿರುಗುವ ನಿಕೊಟಿನ್ ಎಲ್ಲಿ, ಆವೇಶವಿಲ್ಲದೆ ಶಾಂತವಾಗಿರುವ ಕೊಟಿನಿನ್ ಎಲ್ಲಿ! ಮೊದಲನೆಯದು ಎಣ್ಣೆಯಂತಹ ದ್ರವ. ಎರಡನೆಯದು ಸುಮಾರು 40 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗುವ ಘನವಸ್ತು. ನರಗಳನ್ನು ಕೆರಳಿಸುವ ಶಕ್ತಿಯೂ ಇದಕ್ಕೆ ಅತ್ಯಲ್ಪ.

ಮನುಷ್ಯನ ದೇಹವನ್ನು ಸೇರಿದ ನಿಕೊಟಿನಿನಲ್ಲಿ ನೂರಕ್ಕೆ 70ರಿಂದ 80 ಪಾಲು ಈ ರೂಪವನ್ನು ತಾಳುತ್ತದೆ. ನಿಕೊಟಿನಿನ ಅರ್ಧಾಯು ಸುಮಾರು ಎರಡು ಗಂಟೆ, ಕೊಟಿನಿನಿನದು ಹದಿನಾರು. ಆದುದರಿಂದ ನಿನ್ನೆ ಸಂಜೆ ಸೇದಿದುದರ ಗುರುತು ಇಂದು ಸಂಜೆಯೂ ಮೂರನೆಯ ಒಂದಂಶದಷ್ಟು ರಕ್ತದಲ್ಲಿ, ಜೊಲ್ಲಿನಲ್ಲಿ ಉಳಿದಿರುತ್ತದೆ. ಈ ಸಾಕ್ಷಿಯ ಮಾತನ್ನು ಗ್ರಹಿಸುವವನಿಗೆ ವಿವೇಕವಿರಬೇಕು. ಗರ್ಭಿಣಿಯಲ್ಲಿ ಅದೇ ಅರ್ಧಾಯು ಸುಮಾರು ಒಂಬತ್ತು ಗಂಟೆಗೆ ಇಳಿಯುವುದರಿಂದ, ಆಕೆಯ ರಕ್ತದಲ್ಲಿ ಅಂಕಿ ಕಡಿಮೆಯಾಗಿ ಕಂಡ ಮಾತ್ರಕ್ಕೆ ಸೇವನೆ ಕಡಿಮೆಯೆಂದು ತೀರ್ಮಾನಿಸಲಾಗದು. ಚಟ ಬಿಡಲು ನಿಕೊಟಿನ್ ಗಮ್ಮನ್ನು ಅಗಿಯುವವನಲ್ಲಿಯೂ ಕೊಟಿನಿನ್ ಇರುತ್ತದೆ. ಅಂತಹವನನ್ನು ಸುಳ್ಳುಗಾರನೆನ್ನುವುದು ಘೋರವಾದ ಅನ್ಯಾಯ.

ಆದರೆ ಈ ಅಣುವಿನಲ್ಲಿ ನನಗೆ ಆದರ ಹುಟ್ಟಿದುದು ಸೇದುವವರ ನಿಮಿತ್ತವಾಗಿ ಅಲ್ಲ, ಸೇದದವರ ನಿಮಿತ್ತವಾಗಿ. 1988ರಿಂದ 1991ರವರೆಗೆ ಅಮೆರಿಕದಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ನಾಲ್ಕು ವರ್ಷಕ್ಕೆ ಮೇಲ್ಪಟ್ಟ, ಹೊಗೆಸೊಪ್ಪನ್ನು ಯಾವ ರೂಪದಲ್ಲಿಯೂ ಬಳಸದವರ ರಕ್ತವನ್ನು ಪರೀಕ್ಷಿಸಲಾಗಿ, ನೂರಕ್ಕೆ ಸುಮಾರು 88 ಮಂದಿಯಲ್ಲಿ ಕೊಟಿನಿನ್ ದೊರೆಯಿತು. ತಂದೆ ಸೇದುವ ಕೋಣೆಯಲ್ಲಿ ಆಡುವ ಮಗು ದೂರು ಹೇಳಲಾರದು. ಅದರ ಪರವಾಗಿ ಅದರ ಜೊಲ್ಲೇ ಹೇಳುತ್ತದೆ.

ನಮ್ಮ ಹುಣಸೂರು, ಪಿರಿಯಾಪಟ್ಟಣಗಳ ಹೊಲಗಳಲ್ಲಿ ಮಳೆಗಾಲದ ಬೆಳಗ್ಗೆ ಒದ್ದೆ ಸೊಪ್ಪನ್ನು ಕಿತ್ತು ತೋಳಿನಲ್ಲಿ ಅಪ್ಪಿ ಹೊರುವ ಹೆಣ್ಣುಮಕ್ಕಳನ್ನು ತಾವು ಕಂಡಿರಬಹುದು. ಎಲೆಯ ಮೇಲಿನ ನೀರಿನಲ್ಲಿ ನಿಕೊಟಿನ್ ಕರಗಿ, ಚರ್ಮದ ಮೂಲಕ ಒಳಹೊಕ್ಕು, ತಲೆಸುತ್ತು ವಾಂತಿಗಳನ್ನು ತರಬಲ್ಲುದು. ಬಾಯಿಗೆ ಬೀಡಿಯನ್ನೇ ಸೋಕಿಸದ ಅಂತಹವಳನ್ನು ಹಸಿವೆಯಿಂದಲೋ ಬಿಸಿಲಿನಿಂದಲೋ ಬಳಲಿದಳೆಂದು ಮನೆಗೆ ಕಳುಹಿಸುವ ಮುನ್ನ, ಆಕೆಯ ಮೂತ್ರದ ಕೆಲವು ಹನಿಗಳಲ್ಲಿ ಕೊಟಿನಿನನ್ನು ಅಳೆದು ನೋಡಬಹುದು.