ಸಿಹಿ ಹೋದ ದಾರಿ, ಖಾರ ಬಂದ ದಾರಿ

(ಆಲೆಮನೆಯ ದಿನಗಳಲ್ಲಿ ಹೊಸಬಾಳೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕ್ರಿಸ್‌ಮಸ್ ಹಬ್ಬಕ್ಕೆ ಸ್ಪೇನ್ ದೇಶದ ಜನ ಏನು ತಿನ್ನುತ್ತಾರೆ, ಏನು ಕುಡಿಯುತ್ತಾರೆ ಎಂಬುದನ್ನು ಸೊರಬ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಿಂತು ಹೇಳಹೊರಟರೆ ಇದೆಲ್ಲಿಯ ಉಸಾಬರಿ ಎಂದು ನಿಮಗೆ ಅನ್ನಿಸೀತು. ಆದರೆ ಅವರ ಹಬ್ಬದ ತಟ್ಟೆಗೂ ನಮ್ಮ ಆಲೆಮನೆಗೂ ಹಳೆಯ ನಂಟಿದೆ. ಆ ನಂಟು ನಮ್ಮ ಬೆಲ್ಲದಲ್ಲಿಯೂ ಇದೆ, ಮೆಣಸಿನಕಾಯಿ ಭಜೆಯಲ್ಲಿಯೂ ಇದೆ.

ಮೊದಲು ಅಲ್ಲಿಯ ಕಥೆ. ಡಿಸೆಂಬರ್ 24ರ ರಾತ್ರಿಯನ್ನು ಅವರು ‘ನೋಚೆಬ್ವೆನಾ’, ಅಂದರೆ ಒಳ್ಳೆಯ ರಾತ್ರಿ ಎನ್ನುತ್ತಾರೆ. ಆ ರಾತ್ರಿಯ ಊಟ ಮನೆಮಂದಿಗೆ ಮೀಸಲು. ಗೆಳೆಯರ ಪಾಲಿನದು ಅದಕ್ಕೆ ಮುಂಚಿನ ಮಧ್ಯಾಹ್ನ. ಗುಂಪು ಕಟ್ಟಿಕೊಂಡು ಒಂದು ಅಂಗಡಿಯಿಂದ ಇನ್ನೊಂದಕ್ಕೆ ಹೋಗುತ್ತ, ನಿಂತೇ ಒಂದಿಷ್ಟು ಕುಡಿದು, ಒಂದಿಷ್ಟು ಬಾಯಾಡಿಸಿ ಮುಂದೆ ಸಾಗುತ್ತಾರೆ. ಲೆಕ್ಕ ಇಡುವ ರಗಳೆ ಬೇಡವೆಂದು ಎಲ್ಲರೂ ಸಮನಾಗಿ ಹಣ ಹಾಕಿ ಒಬ್ಬನ ಕೈಗೆ ಕೊಡುವುದುಂಟು. ಆ ಗಂಟಿಗೆ ‘ಬೋತೆ’ ಎಂದು ಹೆಸರು. ಗಂಟು ಕರಗುವತನಕ ತಿರುಗಾಟ.

ಹಬ್ಬದ ಸಿಹಿಗಳಲ್ಲಿ ಹಿರಿಯದು ‘ತುರ್ರೋನ್’. ಬಾದಾಮಿ, ಜೇನು, ಸಕ್ಕರೆ, ಮೊಟ್ಟೆಯ ಬಿಳಿ ಸೇರಿಸಿ ಕಾಯಿಸಿ ಹಲಗೆಯಂತೆ ಕತ್ತರಿಸಿದ್ದು. ನಮ್ಮ ಚಿಕ್ಕಿಯ ದೂರದ ದಾಯಾದಿ ಎನ್ನಿ. ಇನ್ನೊಂದು ‘ಪೋಲ್ವೊರೋನ್’. ಗೋಧಿಹಿಟ್ಟನ್ನು ಹುರಿದು, ಸಕ್ಕರೆ, ಬಾದಾಮಿ, ಹಂದಿಯ ಕೊಬ್ಬು ಬೆರೆಸಿ ಅಚ್ಚು ಹಾಕಿದ ಇದು ಬಾಯಿಗಿಟ್ಟರೆ ಪುಡಿಯಾಗುತ್ತದೆ. ಬಾಯ್ತುಂಬ ಇದನ್ನು ತುಂಬಿಕೊಂಡು ‘ಪಂಪ್ಲೋನಾ’ ಎಂಬ ಊರಿನ ಹೆಸರು ಹೇಳಬೇಕೆಂಬುದು ಅಲ್ಲಿಯ ಮಕ್ಕಳ ಪಂದ್ಯ. ತಂಬಿಟ್ಟು ತಿಂದವರಿಗೆ ಇದರ ಕಷ್ಟ ವಿವರಿಸಬೇಕಾಗಿಲ್ಲ!

ಬಾದಾಮಿ, ಸಕ್ಕರೆಗಳ ಈ ಪಾಕವಿದ್ಯೆ ಸ್ಪೇನಿನಲ್ಲಿ ಬೆಳೆದದ್ದು ಬಹುಮಟ್ಟಿಗೆ ಅರಬ್ಬರ ಕಾಲದಲ್ಲಿ. ಕ್ರಿ.ಶ. 711ರಲ್ಲಿ ಅಲ್ಲಿಗೆ ಕಾಲಿಟ್ಟ ಮುಸ್ಲಿಮರ ಆಳ್ವಿಕೆ 1492ರಲ್ಲಿ ಗ್ರನಾಡಾ ಬೀಳುವವರೆಗೆ ಒಂದಲ್ಲ ಒಂದು ಭಾಗದಲ್ಲಿ ಉಳಿದಿತ್ತು. ದಕ್ಷಿಣದ ಕರಾವಳಿಯಲ್ಲಿ ಕಬ್ಬು ನೆಟ್ಟವರೂ ಅವರೇ. ಸ್ಪೇನಿನವರು ಇಂದಿಗೂ ಸಕ್ಕರೆಗೆ ‘ಅಸೂಕರ್’ ಎನ್ನುತ್ತಾರೆ. ಅದು ಅರಬ್ಬಿಯ ‘ಅಸ್ಸುಕ್ಕರ್’. ಅದರ ತಾಯಿಬೇರು ನಮ್ಮ ‘ಶರ್ಕರಾ’. ಶರ್ಕರಾ ಎಂದರೆ ಮೊದಲಿಗೆ ಹರಳು, ಗರಸು ಎಂದೇ ಅರ್ಥ. ಕಬ್ಬು ಹುಟ್ಟಿದ್ದು ನ್ಯೂಗಿನಿ ದ್ವೀಪದ ಕಡೆ ಎನ್ನುತ್ತಾರೆ ಬಲ್ಲವರು. ಆದರೆ ಅದರ ಹಾಲನ್ನು ಕಾಯಿಸಿ ಹರಳುಗಟ್ಟಿಸಿ ಸಕ್ಕರೆ ಮಾಡುವ ವಿದ್ಯೆ ಪರ್ಷಿಯಾ, ಅರಬ್ ನಾಡುಗಳಿಗೆ ಹೋದದ್ದು ಭಾರತದಿಂದ. ಸೊರಬದಿಂದಲೇ ಹೋಯಿತೆಂದು ನಾವು ಎದೆಯುಬ್ಬಿಸಬೇಕಾಗಿಲ್ಲ. ಆ ಮೂಲವಿದ್ಯೆ ಇನ್ನೂ ಕಣ್ಣೆದುರು ನಡೆಯುವ ಸೀಮೆಗಳಲ್ಲಿ ನಮ್ಮದೂ ಒಂದು ಎಂದರೆ ಸಾಕು.

ಆಲೆಮನೆಯನ್ನು ನಿಮಗೆ ನಾನು ಪರಿಚಯಿಸುವುದು ಅಧಿಕಪ್ರಸಂಗವಾದೀತು. ಆದರೂ ಪಟ್ಟಣದಲ್ಲಿ ಬೆಳೆದ ಮಕ್ಕಳಿಗಾಗಿ ಎರಡು ಮಾತು. ಹಿಂದೆ ಕೋಣಗಳು ಸುತ್ತುತ್ತಿದ್ದ ಗಾಣ, ಈಗ ಬಹುಪಾಲು ಯಂತ್ರ. ಹಿಂಡಿದ ಹಾಲು ಕೊಪ್ಪರಿಗೆಗೆ ಬೀಳುತ್ತದೆ. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಬರೀ ನೀರು. ಅದೆಲ್ಲ ಆರಬೇಕಾದರೆ ಗಂಟೆಗಟ್ಟಲೆ ಬೆಂಕಿ. ಒಂಚೂರು ಸುಣ್ಣ ಹಾಕಿದಾಗ ಕೊಳೆ ನೊರೆಯಾಗಿ ಮೇಲೆದ್ದು ಬರುತ್ತದೆ, ಅದನ್ನು ಗೋರಿ ತೆಗೆಯಬೇಕು. ಗಟ್ಟಿಬೆಲ್ಲದ ಹದಕ್ಕೆ ತುಸು ಮೊದಲೇ ಇಳಿಸಿದರೆ ಜೋನಿಬೆಲ್ಲ. ಆ ‘ತುಸು ಮೊದಲು’ ಎಷ್ಟೆಂಬುದು ಪಾಕ ನೋಡುವವನ ಕಣ್ಣಿಗೇ ಗೊತ್ತು. ಇನ್ನು ತೊಡೆದೇವು, ಮಗುಚಿಟ್ಟ ಮಡಕೆಯ ಬೆನ್ನಿಗೆ ಹಿಟ್ಟು ಸವರಿ ಕಾಗದದಷ್ಟು ತೆಳ್ಳಗೆ ಎಬ್ಬಿಸುವ ತಿಂಡಿ. ಸ್ಪೇನಿನವರ ಎಲ್ಲ ಮಿಠಾಯಿಗಳ ಎದುರು ಇದೊಂದನ್ನೇ ಇಟ್ಟರೂ ಸೋಲಿಲ್ಲವೆಂಬುದು ನನ್ನ ಪಕ್ಷಪಾತದ ತೀರ್ಪು.

ಸಿಹಿ ಕುಡಿದ ನಾಲಗೆ ಖಾರ ಕೇಳುತ್ತದೆ. ಮಂಡಕ್ಕಿ, ಮಿರ್ಚಿ ಭಜೆ ಇಲ್ಲದ ಆಲೆಮನೆ ಉಂಟೇ? ಆ ಮಿರ್ಚಿ ಬಂದದ್ದು ಎಲ್ಲಿಂದ? ಕೊಲಂಬಸ್ 1492ರಲ್ಲಿ ಸ್ಪೇನಿನ ಹಡಗು ಹತ್ತಿ ಅರಸಿ ಹೊರಟದ್ದು ನಮ್ಮ ಕಾಳುಮೆಣಸಿನ ದೇಶವನ್ನು. ಸಿಕ್ಕಿದ್ದು ಅಮೆರಿಕ ಮತ್ತು ಅಲ್ಲಿಯ ಮೆಣಸಿನಕಾಯಿ. ಕಾಳುಮೆಣಸಿಗೆ ‘ಪಿಮಿಯೆಂತಾ’ ಎನ್ನುತ್ತಿದ್ದ ಸ್ಪೇನಿನವರು ಹೊಸ ಕಾಯಿಗೆ ‘ಪಿಮಿಯೆಂತೊ’ ಎಂದರು. ನಾವೂ ಮಾಡಿದ್ದು ಅದನ್ನೇ: ಮೆಣಸು ಇತ್ತು, ಹೊಸದು ‘ಮೆಣಸಿನಕಾಯಿ’ ಆಯಿತು. ಪೋರ್ಚುಗೀಸರು ಅದನ್ನು ನಮ್ಮ ಪಶ್ಚಿಮ ಕರಾವಳಿಗೆ ತಂದರು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ‘ಮೆಣಸಿನ ರಾಣಿ’ ಎಂದು ಕರೆದವರೂ, ಕೆಳದಿ ಅರಸರೊಡನೆ ಅಕ್ಕಿ, ಮೆಣಸಿಗಾಗಿ ಒಮ್ಮೆ ಸಂಧಾನ ಒಮ್ಮೆ ಜಗಳ ನಡೆಸಿದವರೂ ಅವರೇ. 1623ರಲ್ಲಿ ಅವರ ರಾಯಭಾರಿಯ ಜೊತೆ ಘಟ್ಟ ಹತ್ತಿ ಇಕ್ಕೇರಿಗೆ ಬಂದ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಬರೆದಿಟ್ಟ ಪ್ರವಾಸಕಥನ ಇಂದಿಗೂ ಓದಲು ಸಿಗುತ್ತದೆ.

ಸಿಹಿಯ ದಾರಿ ಮಾತ್ರ ಸಿಹಿಯಾಗಿರಲಿಲ್ಲ. 1493ರ ಎರಡನೆಯ ಯಾನದಲ್ಲಿ ಕೊಲಂಬಸ್ ಕೆನರಿ ದ್ವೀಪಗಳಿಂದ ಕಬ್ಬಿನ ತುಂಡುಗಳನ್ನು ಅಮೆರಿಕಕ್ಕೆ ಒಯ್ದ. ಅವು ಚಿಗುರಿದ ನೆಲದಲ್ಲಿ ದುಡಿಯಲು ಆಫ್ರಿಕದಿಂದ ಲಕ್ಷಾಂತರ ಜನರನ್ನು ಹಿಡಿದು ತರಲಾಯಿತು. ಯುರೋಪಿನಲ್ಲಿ ಶ್ರೀಮಂತರ ಬೀಗದ ಪೆಟ್ಟಿಗೆಯಲ್ಲಿದ್ದ ಸಕ್ಕರೆ ಬಡವರ ಹಬ್ಬದ ತಟ್ಟೆಗೂ ಇಳಿದದ್ದು ಈ ಗುಲಾಮರ ಬೆವರಿನಿಂದ.

ಇನ್ನು ನಮ್ಮ ಮಾತು. ಸ್ಪೇನಿನವರಲ್ಲಿ ಗೆಳೆಯರ ‘ಬೋತೆ’ ಇದೆ; ನಮ್ಮಲ್ಲಿ ಅದೂ ಇರಲಿಲ್ಲ. ಆಲೆಮನೆಗೆ ಬಂದವರು ದಾರಿಹೋಕರೇ ಆದರೂ ಲೋಟ ತುಂಬಿ ಕೊಡುವುದು ವಾಡಿಕೆ. ದುಡ್ಡಿನ ಸುದ್ದಿ ಎತ್ತಿದರೆ ಯಜಮಾನನಿಗೆ ಅವಮಾನ. ಈಗ ಕಬ್ಬಿನ ಜಾಗಕ್ಕೆ ಅಡಿಕೆ, ಶುಂಠಿ, ಜೋಳ ಬಂದಿವೆ. ಕಡಿಯಲು, ಹಿಂಡಲು, ರಾತ್ರಿಯಿಡೀ ಉರಿ ಹಾಕಲು ಆಳು ಸಿಗುವುದಿಲ್ಲ. ಪೇಟೆಗಳಲ್ಲಿ ಚೀಟಿ ಕೊಂಡು ಒಳಹೋಗುವ ‘ಆಲೆಮನೆ ಹಬ್ಬ’ಗಳು ನಡೆಯುತ್ತಿವೆ. ಅವನ್ನು ಹಳಿಯುವ ಮನಸ್ಸು ನನಗಿಲ್ಲ. ಊರು ಬಿಟ್ಟವರಿಗೆ ಒಂದು ಲೋಟ ಹಾಲಾದರೂ ಸಿಗುತ್ತದಲ್ಲ! ಆದರೆ ಚೀಟಿ ಕೊಂಡವನು ಗಿರಾಕಿ. ಕರೆಯದೆ ಬಂದು ಕೊಪ್ಪರಿಗೆಯ ಬದಿಯಲ್ಲಿ ಕುಳಿತವನು ನೆಂಟ. ಬೆಳೆಗಾರನಿಗೆ ಜೋನಿಬೆಲ್ಲದ ಡಬ್ಬಿಗೆ ತಕ್ಕ ಬೆಲೆ ಸಿಗದೆ ಆ ನೆಂಟನಿಗೆ ಲೋಟ ತುಂಬಿ ಕೊಡು ಎಂದು ಯಾರೂ ಹೇಳುವಂತಿಲ್ಲ. ಸಕ್ಕರೆ ಬೆರೆಸಿದ ಅಗ್ಗದ ಬೆಲ್ಲವನ್ನು ಪೇಟೆಯಿಂದ ಕೊಂಡು ತರುವ ನಮ್ಮ ಮನೆಗಳಿಂದಲೇ ಈ ಲೆಕ್ಕ ಶುರುವಾಗಬೇಕು.

ಹೊರಗೆ ಹಾಲು ಕಾಯುತ್ತಿರುವ ವಾಸನೆ ನನಗೂ ಬರುತ್ತಿದೆ. ಶುಂಠಿ, ನಿಂಬೆ ಹಿಂಡಿದ್ದು ಒಂದು ಕೊಡದಲ್ಲಿ ಬೇರೆಯೇ ಇಟ್ಟಿದ್ದಾರಂತೆ. ಮಿರ್ಚಿ ಆರುವ ಮೊದಲು ಏಳೋಣ.